ಮೈಲುತುತ್ತಿನ ಬಕೆಟ್

ಕಳೆದ ವಾರ ಬೆಳ್ಳಾರೆಗೆ, ತಂಗಿಯ ಮನೆಗೆ ಹೋಗಿದ್ದೆ. ಅಂಗಳದ ಮೂಲೆಯಲ್ಲಿ ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವ ಮದ್ದು ಕಲಸುತ್ತಿದ್ದರು. ಒದ್ದೆ ಸುಣ್ಣದ ವಾಸನೆ, ಬಕೆಟಿನ ಅಂಚಿಗೆ ಮೈಲುತುತ್ತಿನ ನೀಲಿ ಕಲೆ. ತಂಗಿ ಚಹಾಕ್ಕೆ ಕರೆದಳು. ನಾನು ಆ ಕಲೆಯನ್ನೇ ನೋಡುತ್ತ ನಿಂತೆ...

ವರ್ಷಗಳ ಹಿಂದೆ ಸುಳ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠಕ್ಕೆ ಹೊಸದಾಗಿ ಸೇರಿದ್ದೆ. ನಮ್ಮ ಲ್ಯಾಬಿನ ಅಟೆಂಡರ್ ಹಿರಿಯರು, ಕುಯ್ಯುವ ಕ್ಲಾಸಿಗೆ ವರ್ಷಗಟ್ಟಲೆ ಕಪ್ಪೆ ಹಿಡಿದು ತಂದವರು. ಆ ಪದ್ಧತಿ ಆಗಲೇ ನಿಂತಿತ್ತು. ನಿವೃತ್ತಿಗೆ ಒಂದೇ ಮಳೆಗಾಲ ಉಳಿದಿದ್ದಾಗ ಅವರು ಮೂಲೆಯ ಹಳೆಯ ಗಾಜಿನ ಟ್ಯಾಂಕನ್ನು ಉಜ್ಜಿ ತೊಳೆದರು. ಹೊಂಡದ ಗೊದಮೊಟ್ಟೆಗಳನ್ನು ತಂದು ಸಾಕಿ, ಕಪ್ಪೆಯಾದ ಮೇಲೆ ಬಿಡುವುದು ಅವರ ಯೋಚನೆ.

"ಕೊಂದದ್ದು ಎಷ್ಟೋ ಮೇಡಂ. ಒಂದು ಹಿಡಿಯಾದ್ರೂ ಬದುಕಿ ಹೋಗ್ಲಿ" ಎಂದಿದ್ದರು.

ಟ್ಯಾಂಕಿನಲ್ಲಿ ಅರ್ಧ ಮಾತ್ರ ನೀರು. ಇನ್ನರ್ಧಕ್ಕೆ ಇಳಿಜಾರಾಗಿ ಮರಳು, ಹೊಳೆಯ ಚಪ್ಪಟೆ ಕಲ್ಲು, ಪಾಚಿ. ಮೇಲೆ ಸೊಳ್ಳೆಪರದೆಯ ಮುಚ್ಚಳ. ಬ್ಲೀಚಿಂಗ್ ಹೋಗಲೆಂದು ನಳ್ಳಿ ನೀರನ್ನು ಎರಡು ದಿನ ಮಡಕೆಯಲ್ಲಿಟ್ಟೇ ಸುರಿಯುತ್ತಿದ್ದರು. ನೀರಿನ ಜೀವಕ್ಕೆ ಇಷ್ಟೊಂದು ಕಲ್ಲು ಯಾಕೆ ಎಂದು ನಾನು ನಕ್ಕಿದ್ದೆ.

"ಕಾಲು ಬಂದ ಮೇಲೆ ಹತ್ತಿ ಕೂರ್ಲಿಕ್ಕೆ ಜಾಗ ಬೇಕಲ್ಲ ಮೇಡಂ? ಇಲ್ಲದಿದ್ರೆ ಮುಳುಗಿ ಸಾಯುದು."

ಡಿಗ್ರಿ ನನ್ನದು, ವಿದ್ಯೆ ಅವರದು.

ಗೊದಮೊಟ್ಟೆಗಳಿಗೆ ಕಾಲು ಮೂಡಿ ಬಾಲ ಗಿಡ್ಡವಾಗುತ್ತಿದ್ದಾಗಲೇ ಅವರ ಮಗಳ ಹೆರಿಗೆ ಬಂತು. ಮೂರು ದಿನ ಟ್ಯಾಂಕನ್ನು ನನಗೆ ಒಪ್ಪಿಸಿ ಹೋದರು. ಎರಡನೆಯ ದಿನ ಮಡಕೆ ಬರಿದಾಗಿತ್ತು. ನಳ್ಳಿ ನೀರು ವಿಷ ಎಂದು ಜಾಣತನ ಮಾಡಿ, ಕಾಲೇಜಿನ ಪಕ್ಕದ ನನ್ನ ಬಾಡಿಗೆ ಮನೆಯ ಬಾವಿಯಿಂದ ನೀರು ತಂದು ಸುರಿದೆ. ಬಕೆಟ್ ಮಾತ್ರ ಮನೆ ಮಾಲೀಕರ ಅಡಿಕೆ ತೋಟದ ಶೆಡ್ಡಿನದು.

ಮರುದಿನ ಬೆಳಿಗ್ಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಲ್ಲು ಹತ್ತಿ ಕೂತು ಬದುಕಿದ್ದು ಒಂದೂ ಇರಲಿಲ್ಲ. ಮನೆಗೆ ಓಡಿ ಬಕೆಟನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಮೈಲುತುತ್ತಿನ ನೀಲಿ ಗಟ್ಟಿಯಾಗಿ ಕೂತಿತ್ತು. ನೀರಿನ ಜೀವಕ್ಕೆ ಅದು ಬ್ಲೀಚಿಂಗಿಗಿಂತ ದೊಡ್ಡ ವಿಷ.

ಅವರು ಮೊಮ್ಮಗಳು ಹುಟ್ಟಿದ ಸಿಹಿ ಹಿಡಿದುಕೊಂಡೇ ಲ್ಯಾಬಿಗೆ ಬಂದರು. ಟ್ಯಾಂಕಿನೊಳಗೆ ಬಗ್ಗಿ ನೋಡಿದರು. ಆಮೇಲೆ ಸಿಂಕಿನಲ್ಲಿ ಸಾಬೂನು ಹಾಕಿ ಕೈ ತೊಳೆದುಕೊಂಡರು.

"ನನ್ನ ಈ ಕೈಗೆ ಕೊಲ್ಲುದು ಮಾತ್ರ ಗೊತ್ತಿರುದು. ಬಿಡಿ ಮೇಡಂ."

ಬಕೆಟಿನ ವಿಷಯ ಹೇಳಬಹುದಿತ್ತು. ಹೊಸ ಕೆಲಸ, ಪಾಠ ಹೇಳುವವಳೆಂಬ ಬಿಂಕ, ನಾಚಿಕೆ... "ಹವೆ ಸರಿ ಇರ್ಲಿಲ್ಲ" ಎಂದೆ. ಅವರು ನಂಬಿದಂತೆ ತಲೆ ಆಡಿಸಿದರು. ಮತ್ತೆ ಗೊದಮೊಟ್ಟೆ ತರಲಿಲ್ಲ. ಟ್ಯಾಂಕು ಸ್ಟೋರ್ ರೂಮು ಸೇರಿತು, ಅವರು ನಿವೃತ್ತರಾದರು. ಈಗ ಅವರು ತೀರಿಕೊಂಡು ಮೂರು ಮಳೆಗಾಲ ಕಳೆದಿದೆ.

ಚಹಾ ಆರುವಷ್ಟರಲ್ಲಿ ಇದನ್ನೆಲ್ಲ ತಂಗಿಗೆ ಹೇಳಿ ಮುಗಿಸಿದೆ.

"ನೀನು ಆಗಲೇ ಹೇಳ್ಬೇಕಿತ್ತು ಅಕ್ಕ" ಎಂದಳು.

ಹೌದು, ಹೇಳಬೇಕಿತ್ತು. ಆ ಕೈ ಅವರದಲ್ಲ, ನನ್ನದು ಎಂದು.