ಎಣ್ಣೆ ಹಾಕಿದ್ದನ್ನೂ ಬರೆಯಬೇಕು

ವಿಶ್ವವಿದ್ಯಾಲಯದ ಆ ಪ್ರಯೋಗಾಲಯದಲ್ಲಿ ಇಪ್ಪತ್ತಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಅವಳಿಗಿಂತ ಒಂಬತ್ತು ವರ್ಷ ದೊಡ್ಡವರು. ಅವರಿಗೂ ಅವಳು ಅಕ್ಕನೇ. ಅಲ್ಲಿನ ಸಂಶೋಧಕರು, ಯಂತ್ರವೊಂದು ತಾನಾಗಿ ಹೇಗೆ ಚಲಿಸಬೇಕು, ಬೀಳದೆ ಹೇಗೆ ನಿಲ್ಲಬೇಕು ಎಂಬ ಗಣಿತ ಬರೆಯುತ್ತಿದ್ದರು. ಆ ಗಣಿತಕ್ಕೆ ಕೈಕಾಲು ಮಾಡಿಕೊಡುವುದು ಅಕ್ಕನ ಕೆಲಸ. ಕೋಣೆಯ ಕಿಟಕಿ ಪಕ್ಕದಲ್ಲಿ ಲೋಹ ಕಡೆಯುವ ಅವಳ ಲೇತು, ಅದರ ಮೇಲೆ ಉಜ್ಜುವ ಅರಗಳನ್ನು ಅಳತೆಯ ಪ್ರಕಾರ ಸಾಲಾಗಿ ಸಿಕ್ಕಿಸಿದ, ಗೋಡೆಯಿಂದ ಚಾಚಿದ ಹಲಗೆ, ಕೆಳಗೆ ಸ್ಕ್ರೂ ತುಂಬಿದ ಬಿಸ್ಕತ್ತಿನ ಡಬ್ಬಿಗಳು. ಯಾವ ಡಬ್ಬಿಯಲ್ಲಿ ಯಾವ ಸ್ಕ್ರೂ ಎಂದು ಅವಳಿಗೆ ಅಲ್ಲಾಡಿಸಿದರೆ ಸದ್ದಿನಲ್ಲೇ ತಿಳಿಯುತ್ತಿತ್ತು.

ಅವಳ ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಬೇರಿಂಗು ಸರಿಯಿದೆಯೇ ಇಲ್ಲವೇ ಎಂದು ನೋಡಲು ಅಪ್ಪ ಗಾಲಿಯನ್ನು ಎತ್ತಿ ಹಿಡಿದು ತಿರುಗಿಸಿ ಬಿಡುತ್ತಿದ್ದ. "ಕಣ್ಣು ಮುಚ್ಕೋ, ಕಿವಿ ಕೊಡು, ನಿಲ್ಲೋವರೆಗೂ ಎಣಿಸು" ಎನ್ನುತ್ತಿದ್ದ. ಓದು ಹತ್ತನೇ ತರಗತಿಗೆ ನಿಂತಿತು, ಎಣಿಸುವುದು ನಿಲ್ಲಲಿಲ್ಲ.

ಪ್ರಯೋಗಾಲಯದ ನಡುಮಧ್ಯದಲ್ಲಿ ಒಂದು ಯಂತ್ರವಿತ್ತು. ಕಬ್ಬಿಣದ ಕಂಬದಿಂದ ಜೋತುಬಿದ್ದ ಎರಡು ಅಲ್ಯೂಮಿನಿಯಂ ಪಟ್ಟಿ. ಮೇಲಿನದು ತೋಳು, ಕೆಳಗಿನದು ಮುಂಗೈ. ಭುಜದ ಗೆಣ್ಣಿಗೆ ಮೋಟಾರು ಉಂಟು, ಮೊಳಕೈಗೆ ಇಲ್ಲ. ಭುಜವೊಂದನ್ನೇ ಹಿಂದೆ ಮುಂದೆ ಆಡಿಸಿ ಇಡೀ ಕೈಯನ್ನು ಮೇಲಕ್ಕೆ ಎತ್ತಬೇಕು. ಮಕ್ಕಳು ಅಂಗೈ ಮೇಲೆ ಕೋಲು ನಿಲ್ಲಿಸುವ ಹಾಗೆ ನೆಟ್ಟಗೆ ನಿಲ್ಲಿಸಬೇಕು. ಮೊಳಕೈ ತಾನಾಗಿ ಏನೂ ಮಾಡದೆ ಭುಜದ ದುಡಿಮೆಯಲ್ಲೇ ಮೇಲೆ ಬರುತ್ತಿದ್ದುದರಿಂದ ಅಕ್ಕ ಆ ಯಂತ್ರಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದಳು.

ಸೋಮಾರಿಯ ಜೊತೆ ಎರಡು ವರ್ಷದಿಂದ ಏಗುತ್ತಿದ್ದವನು ಉದ್ದಣ್ಣ. ಡಾಕ್ಟರೇಟ್‌ಗೆ ಕೆಲಸ ಮಾಡುತ್ತಿದ್ದ ಇಪ್ಪತ್ತೊಂಬತ್ತರ ಸಂಶೋಧಕ. ಅಕ್ಕನ ಹಲಗೆಗೆ ದಿನಕ್ಕೊಂದು ಸಲವಾದರೂ ಹಣೆ ಬಡಿಸಿಕೊಳ್ಳುವಷ್ಟು ಎತ್ತರ. ಭುಜ ಹೇಗೆ ಆಡಬೇಕೆಂದು ಅವನು ಬರೆದ ಕ್ರಮದಿಂದ ಸೋಮಾರಿ ನೂರಕ್ಕೆ ತೊಂಬತ್ತೇಳು ಸಲ ಎದ್ದು ನಿಲ್ಲುತ್ತಿತ್ತು. ಬರುವ ಗುರುವಾರ ಬೇರೆ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದು ಅದನ್ನು ನೋಡುವವರಿದ್ದರು. ಅವರು ಒಪ್ಪಿದರೆ ಪದವಿ. ಪದವಿ ಸಿಕ್ಕರೆ ಮುಂದಿನ ತಿಂಗಳು ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ. ಕಾಲೇಜಿನವರು ಅಷ್ಟರವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ಆ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು, ಅದನ್ನು ಮಾಡಿದವಳೇ ಅಕ್ಕ. ಹದಿನೆಂಟು ವರ್ಷದ ಹಿಂದೆ ಯಾರೋ ಒಂದು ಸ್ಕ್ರೂ ಸಡಿಲಿಸಿ ಹೇಳದೆ ಹೋಗಿದ್ದರು. ಇನ್ನೊಬ್ಬರು ತಮ್ಮ ಲೆಕ್ಕದಲ್ಲೇ ತಪ್ಪಿದೆ ಎಂದು ಎರಡು ವಾರ ತಲೆ ಕೆರೆದುಕೊಂಡಿದ್ದರು. ಮಾರನೆಯ ದಿನವೇ ಅಕ್ಕ ಒಂದು ಗೆರೆ ನೋಟ್‌ಬುಕ್ಕು ತಂದು ಮೇಜಿನ ಕಾಲಿಗೆ ದಾರದಲ್ಲಿ ಕಟ್ಟಿದಳು. ಗೋಡೆಗೆ ಒಂದು ಚೀಟಿ ಅಂಟಿಸಿದಳು: ಮುಟ್ಟಿದರೆ ಬರೆಯಿರಿ. ಯಾವ ದಿನ, ಏನು, ಯಾರು. ಒಮ್ಮೆ ಮೇಷ್ಟ್ರನ್ನೂ ಬಿಡಲಿಲ್ಲ.

"ಸರ್, ನಿನ್ನೆ ಸಾಯಂಕಾಲ ಆ ಪ್ಲಗ್ಗು ಕಿತ್ತಿದ್ದು ನೀವೇ ತಾನೆ?"

"ಮತ್ತೆ ಹಾಕಿದೆನಲ್ಲ ಅಕ್ಕ."

"ಹಾಕಿದ್ದನ್ನೂ ಬರೀರಿ."

ಮೇಷ್ಟ್ರು ಕನ್ನಡಕ ಹುಡುಕಿಕೊಂಡು ಬಂದು ಎರಡು ಸಾಲು ಬರೆದರು.

ಅಕ್ಕನದೇ ವಾರವಾರದ ಒಂದು ಬರವಣಿಗೆಯೂ ಆ ನೋಟ್‌ಬುಕ್ಕಿನಲ್ಲಿತ್ತು. ಪ್ರತಿ ಸೋಮವಾರ ಬೆಳಗ್ಗೆ ಮೋಟಾರು ಆರಿಸಿ, ಸೋಮಾರಿಯ ಮುಂಗೈಯನ್ನು ಪಕ್ಕಕ್ಕೆ ಎತ್ತಿ ಬಿಟ್ಟು, ಅದು ಎಷ್ಟು ಸಲ ತೂಗಿ ನಿಲ್ಲುತ್ತದೆ ಎಂದು ಎಣಿಸಿ ಬರೆಯುತ್ತಿದ್ದಳು. ಅಪ್ಪ ಕಲಿಸಿದ್ದು ಅದು: ಅಂಕಿ ಇಳಿದಷ್ಟೂ ಗೆಣ್ಣು ಬಿಗಿ. ಯಾರೂ ಆ ಅಂಕಿ ನೋಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಲವತ್ತೊಂದು ಇದ್ದದ್ದು ಮೊನ್ನೆ ಹತ್ತೊಂಬತ್ತಕ್ಕೆ ಬಂದಿತ್ತು. ಹೊರಗಿನವರು ನೋಡಲು ಬರುವಾಗ ಹತ್ತೊಂಬತ್ತು ಎಂದರೆ ಅಕ್ಕನಿಗೆ ಮರ್ಯಾದೆಯ ಪ್ರಶ್ನೆ. ಶುಕ್ರವಾರ ಉದ್ದಣ್ಣ ಪ್ರಬಂಧಕ್ಕೆ ರಟ್ಟು ಹಾಕಿಸಲು ಹೋಗಿದ್ದಾಗ, ಅವಳು ಮೊಳಕೈಯ ಬೇರಿಂಗು ಬಿಚ್ಚಿ, ಒಣಗಿ ಮೇಣದಂತಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎರಡು ತೊಟ್ಟು ತೆಳು ಎಣ್ಣೆ ಬಿಟ್ಟು, ಇದ್ದ ಹಾಗೇ ಜೋಡಿಸಿದಳು. ಬೆರಳಲ್ಲಿ ತಳ್ಳಿ ನೋಡಿದರೆ ಗೆಣ್ಣು ಗಾಳಿಯಲ್ಲಿ ತೇಲಿದ ಹಾಗೆ. ಸಂತೋಷವಾಗಿ ಮನೆಗೆ ಹೋದಳು. ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಅನಿಸಲೇ ಇಲ್ಲ. ಮುಖ ತೊಳೆದಿದ್ದನ್ನು ಯಾರು ಬರೆಯುತ್ತಾರೆ?

ಸೋಮವಾರ ಬಂದಾಗ ಉದ್ದಣ್ಣ ನೆಲದ ಮೇಲೆ ಕೂತಿದ್ದ. ಸುತ್ತ ಬಿಚ್ಚಿದ ವೈರುಗಳು. ಗಡ್ಡ ಬೋಳಿಸಿರಲಿಲ್ಲ.

"ಇದೇನೋ, ಮನೆಮಠ ಇಲ್ವಾ ನಿಂಗೆ?"

"ನಿಲ್ತಾ ಇಲ್ಲ ಅಕ್ಕ. ಶನಿವಾರದಿಂದ ನೂರಾಹತ್ತು ಸಲ ಓಡಿಸಿದೆ. ಎದ್ದೇಳುತ್ತೆ, ನಾಲ್ಕು ಸೆಕೆಂಡು ನಡುಗುತ್ತೆ, ಬಿದ್ದುಹೋಗುತ್ತೆ. ಒಂದೇ ಒಂದು ಸಲ ನಿಂತಿಲ್ಲ."

"ವೈರು?"

"ಎಲ್ಲಾ ಬದಲಾಯಿಸಿದೆ. ಪ್ರೋಗ್ರಾಮು ಸಾಲು ಸಾಲು ಓದಿದೆ. ಕೊನೆಗೆ ನೋಟ್‌ಬುಕ್ ನೋಡಿದೆ. ಬುಧವಾರದ ನಂತರ ಯಾರೂ ಮುಟ್ಟಿಲ್ಲ." ಅವನು ಅಂಗೈಯಿಂದ ಕಣ್ಣುಜ್ಜಿಕೊಂಡ. "ನೋಟ್‌ಬುಕ್‌ನಲ್ಲಿ ಇಲ್ಲ ಅಂದ್ಮೇಲೆ ತಪ್ಪು ನಂದೇ ಅಲ್ವಾ? ಗಣಿತದಲ್ಲೇ ಎಲ್ಲೋ ತೂತಿದೆ. ಪ್ರಬಂಧ ವಾಪಸ್ ತಗೋತೀನಿ ಅಂತ ನಾಳೆ ಸರ್‌ಗೆ ಹೇಳ್ಬಿಡ್ತೀನಿ."

ಅಕ್ಕ ಮೋಟಾರು ಆರಿಸಿದಳು. ಮುಂಗೈಯನ್ನು ಪಕ್ಕಕ್ಕೆ ಎತ್ತಿ ಬಿಟ್ಟಳು. ಹತ್ತೊಂಬತ್ತು ದಾಟಿತು, ಮೂವತ್ತು ದಾಟಿತು, ನಲವತ್ತೊಂದನ್ನೂ ದಾಟಿ ತೂಗುತ್ತಲೇ ಇತ್ತು. ಐವತ್ತನಾಲ್ಕಕ್ಕೆ ನಿಂತಿತು. ನೋಟ್‌ಬುಕ್ಕು ತೆರೆದು, ಪೆನ್ನು ಹಿಡಿದು, ಮತ್ತೆ ಮುಚ್ಚಿದಳು. ಎರಡು ವರ್ಷದಲ್ಲಿ ಅಂಕಿಯಿಲ್ಲದ ಮೊದಲ ಸೋಮವಾರ ಅದು.

ದಿನವಿಡೀ ಲೇತಿನ ಮುಂದೆ ನಿಂತಳು. ಹೇಳಬೇಕೆಂದರೆ ಒಂದೇ ಮಾತು. ಎಣ್ಣೆ ಹಾಕಿದವಳು ನಾನು ಎಂದು. ಊರಿಗೆಲ್ಲ ಬರೆಯಿರಿ ಬರೆಯಿರಿ ಎಂದು ಬುದ್ಧಿ ಹೇಳಿದವಳು ತಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ನೊಂದು ದಾರಿಯೂ ಇತ್ತು, ಅದು ಅವಳ ಬೆರಳಿಗೆ ಗೊತ್ತಿತ್ತು: ಎಲ್ಲರೂ ಊಟಕ್ಕೆ ಹೋದಾಗ ಗೆಣ್ಣಿಗೆ ಗಟ್ಟಿ ಗ್ರೀಸು ತುಂಬಿದರೆ ಸೋಮಾರಿ ಮತ್ತೆ ಹತ್ತೊಂಬತ್ತಕ್ಕೆ ಬರುತ್ತದೆ, ಎದ್ದು ನಿಲ್ಲುತ್ತದೆ. ಯಾರೂ ಏನೂ ಕೇಳುವುದಿಲ್ಲ. ಆದರೆ ಊಟದ ಹೊತ್ತಿನಲ್ಲಿ ಉದ್ದಣ್ಣ ಆ ಯಂತ್ರ ಬಿಟ್ಟು ಏಳಲಿಲ್ಲ.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಸಿಟಿ ಬಸ್ಸಿನ ಡ್ರೈವರ್. ಶೂಸ್ ಬಿಚ್ಚುತ್ತಾ ಕೇಳಿಸಿಕೊಂಡ.

"ಎಣ್ಣೆ ಹಾಕಿದ್ದಕ್ಕೆ ಇಷ್ಟು ಮುಖ ಊದಿಸ್ಕೊಂಡಿದೀಯಾ? ನಾನೆಲ್ಲೋ ಯಂತ್ರಾನೇ ಮುರಿದ್ಯೇನೋ ಅಂದ್ಕೊಂಡೆ."

"ತಮಾಷೆ ಮಾಡ್ಬೇಡಿ ರೀ. ಒಳ್ಳೇದೇ ತಾನೆ ಮಾಡಿದ್ದು ನಾನು?"

"ಒಳ್ಳೇದೇ. ನಮ್ಮ ಡಿಪೋದಲ್ಲೂ ಒಂದ್ಸಲ ಒಳ್ಳೇದು ಮಾಡಿದ್ರು. ನನ್ನ ಬಸ್ಸಿನ ಬ್ರೇಕು ಬಿಗಿ ಮಾಡಿ ಹೇಳದೆ ಕೊಟ್ರು. ಮೊದಲನೇ ಸ್ಟಾಪಲ್ಲಿ ದಿನದ ಹಾಗೇ ತುಳಿದೆ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ರು. ಬೈಸಿಕೊಂಡಿದ್ದು ಯಾರು ಹೇಳು?"

"ನೀವು."

"ಮೆಕ್ಯಾನಿಕ್ಕು ಡಿಪೋದಲ್ಲಿ ಟೀ ಕುಡೀತಾ ಇದ್ದ." ಶೂಸನ್ನು ಬಾಗಿಲ ಹಿಂದಿಟ್ಟ. "ನಿಮ್ಮ ಉದ್ದಣ್ಣ ಶನಿವಾರದಿಂದ ತನ್ನನ್ನ ತಾನೇ ಬೈಕೋತಾ ಇದಾನೆ. ನೀನು ಟೀ ಕುಡೀತಾ ಇದೀಯಾ."

ಅಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

ಮಂಗಳವಾರ ಬೆಳಗ್ಗೆ ಬಂದವಳೇ ನೋಟ್‌ಬುಕ್ಕು ಬಿಚ್ಚಿದಳು. ಶುಕ್ರವಾರದ ತಾರೀಖು ಹಾಕಿ ಬರೆದಳು: ಮೊಳಕೈ ಬೇರಿಂಗು ತೊಳೆದು ಎಣ್ಣೆ ಬಿಟ್ಟೆ. ಅಂದೇ ಬರೆಯಲಿಲ್ಲ, ಇವತ್ತು ಬರೆಯುತ್ತಿದ್ದೇನೆ. ಕೆಳಗೆ ಸೋಮವಾರದ ಸಾಲಿನಲ್ಲಿ ಐವತ್ತನಾಲ್ಕು. ರುಜು ಹಾಕಿ, ಪುಟವನ್ನು ಉದ್ದಣ್ಣನ ಮುಂದೆ ಹಿಡಿದಳು.

ಅವನು ಎರಡು ಸಲ ಓದಿದ. ಮುಖ ಕೆಂಪಾಯಿತು.

"ಮೂರು ದಿನ ಅಕ್ಕ! ಮೂರು ದಿನ ನಾನು ಹುಚ್ಚನ ಹಾಗೆ... ನಿನ್ನೆ ಇಲ್ಲೇ ನಿಂತು ಎಣಿಸಿದ್ರಲ್ಲ, ಆಗಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು."

"ಸ್ಕ್ರೂ ಬರೀಲಿಲ್ಲ ಅಂತ ನನಗೆ ಎಷ್ಟು ಸಲ ಬೈದಿದೀರಾ!"

"ಇವತ್ತು ನೀನು ಬೈ. ಎಲ್ಲಾ ಸೇರಿಸಿ ಬೈದುಬಿಡು."

ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: "ಗಟ್ಟಿ ಗ್ರೀಸ್ ಹಾಕಿದ್ರೆ ಮೊದಲಿನ ಹಾಗೆ ಆಗುತ್ತಾ?"

"ಅರ್ಧ ಗಂಟೆ ಕೆಲಸ. ಹತ್ತೊಂಬತ್ತು ಅಂದ್ರೆ ಹತ್ತೊಂಬತ್ತಕ್ಕೇ ತರ್ತೀನಿ."

"ಹಾಗಾದ್ರೆ..."

"ಹಾಕ್ಲಾ? ಹಾಕಿದ್ರೆ ಬರೀತೀನಿ. ಪರೀಕ್ಷಕರು ಬರ್ತಾರೆ ಅಂತ ಹಾಕಿದೆ ಅಂತಾನೂ ಬರೀತೀನಿ. ಒಂದ್ಸಲ ಬಿಟ್ಟಿದ್ದೇ ಸಾಕಾಗಿದೆ ನಂಗೆ."

ಉದ್ದಣ್ಣ ನೋಟ್‌ಬುಕ್ಕನ್ನು ದಾರ ಬಂದಷ್ಟೂ ಹತ್ತಿರಕ್ಕೆ ಎಳೆದುಕೊಂಡು ಹಿಂದಿನ ಪುಟಗಳಿಗೆ ಹೋದ. ನಲವತ್ತೊಂದು. ಮೂವತ್ತೆಂಟು. ಮೂವತ್ತೊಂದು. ಎರಡು ವರ್ಷದ ಸೋಮವಾರಗಳು. ತನ್ನ ಪರೀಕ್ಷೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೊಂದಿಸಿದ. ನಲವತ್ತೊಂದು ಇದ್ದಾಗ ಸೋಮಾರಿ ನೂರಕ್ಕೆ ಹನ್ನೆರಡು ಸಲ ನಿಂತಿತ್ತು. ಮೂವತ್ತೊಂದಕ್ಕೆ ಅರವತ್ತು. ಹತ್ತೊಂಬತ್ತಕ್ಕೆ ತೊಂಬತ್ತೇಳು. ಪಟ್ಟಿಯನ್ನು ಮಡಚಿಟ್ಟ.

"ನಾನು ದಿನೇ ದಿನೇ ಕಲೀತಾ ಇದೀನಿ ಅಂದ್ಕೊಂಡಿದ್ದೆ ಅಕ್ಕ. ಗ್ರೀಸು ಒಣಗ್ತಾ ಇತ್ತು ಅಷ್ಟೇ."

"ಅಷ್ಟೇ ಅಂತ ಹೇಗೆ ಹೇಳ್ತೀಯ? ಒಣಗಿದ ಗ್ರೀಸು ತಾನಾಗಿ ಎದ್ದು ನಿಲ್ಲುತ್ತಾ?"

"ಇಲ್ಲ. ಆದ್ರೆ ಬೀಳೋದನ್ನ ತಡೀತಾ ಇತ್ತು." ಹೊಸ ರಟ್ಟಿನ ಪ್ರಬಂಧದ ಮೊದಲ ಪುಟ ತೆರೆದು ಬೆರಳಿಟ್ಟು ತೋರಿಸಿದ. ಮೊಳಕೈಯಲ್ಲಿನ ಘರ್ಷಣೆ ನಗಣ್ಯವೆಂದು ಭಾವಿಸಲಾಗಿದೆ.

"ನಗಣ್ಯ ಅಂದ್ರೆ?"

"ಲೆಕ್ಕಕ್ಕೆ ತಗೊಳ್ಳೋ ಅಷ್ಟು ಇಲ್ಲ ಅಂತ."

"ನಾನು ವಾರವಾರ ಲೆಕ್ಕ ಇಟ್ಟಿದೀನಿ, ನೀನು ಲೆಕ್ಕಕ್ಕೇ ಇಲ್ಲ ಅಂತ ಬರೆದಿದೀಯಲ್ಲೋ!"

ಉದ್ದಣ್ಣನಿಗೆ ನಗು ಬಂತು. ನಾಲ್ಕು ದಿನದಲ್ಲಿ ಮೊದಲ ಸಲ. ನಗುತ್ತಲೇ ಎದ್ದವನು ಹಲಗೆಗೆ ಹಣೆ ಬಡಿಸಿಕೊಂಡ. ಆಮೇಲೆ ಇಬ್ಬರೂ ನೋಟ್‌ಬುಕ್ಕಿನ ದಾರ ಬಿಚ್ಚಿಕೊಂಡು ಮೇಷ್ಟ್ರ ಕೋಣೆಗೆ ಹೋದರು. ಆ ದಾರ ಬಿಚ್ಚಿದ್ದು ಅದೇ ಮೊದಲು.

ಮೇಷ್ಟ್ರು ಪೂರ್ತಿ ಕೇಳಿದರು. ಬೈಯಲಿಲ್ಲ. "ದಿನಾ ಆ ಯಂತ್ರದ ಮುಂದೆ ಓಡಾಡಿದವನು ನಾನು. ಈ ಅಂಕಿ ನಾನೂ ಒಂದು ದಿನ ನೋಡಲಿಲ್ಲ" ಎಂದರು. ಗುರುವಾರದ ಭೇಟಿ ಮುಂದೂಡೋಣವೇ ಎಂದು ಕೇಳಿದರು. ಉದ್ದಣ್ಣ ಬೇಡವೆಂದ.

ಗುರುವಾರ ಪರೀಕ್ಷಕರು ಬಂದರು. ಮೆಲುದನಿಯ ಮುದುಕರೊಬ್ಬರು. ಉದ್ದಣ್ಣ ಮೊದಲು ಎಣ್ಣೆ ಹಾಕಿದ ಸೋಮಾರಿಯನ್ನು ಹತ್ತು ಸಲ ಓಡಿಸಿದ. ಹತ್ತು ಸಲವೂ ಬಿತ್ತು. ಬಳಿಕ ಅಕ್ಕ ಅವರ ಎದುರಿಗೇ ಗೆಣ್ಣು ಬಿಚ್ಚಿ ಗ್ರೀಸು ತುಂಬಿದಳು, ತೂಗಿ ಎಣಿಸಿದಳು, ನಿಂತೇ ನೋಟ್‌ಬುಕ್ಕಿನಲ್ಲಿ ಬರೆದಳು. ಈ ಸಲ ಹತ್ತಕ್ಕೆ ಹತ್ತು ನಿಂತಿತು. ಪರೀಕ್ಷಕರು ಕುರ್ಚಿ ಎಳೆದುಕೊಂಡು ನೋಟ್‌ಬುಕ್ಕು ಓದಲು ಕೂತರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಇದನ್ನ ಬರೆದವರು ಯಾರು?"

"ನಾನು ಸರ್" ಎಂದಳು ಅಕ್ಕ. "ಒಂದು ಶುಕ್ರವಾರ ತಪ್ಪಿದೆ."

"ನೋಡಿದೆ. ತಪ್ಪಿದ್ದನ್ನೂ ಬರೆದಿದೀರಿ." ಉದ್ದಣ್ಣನ ಕಡೆ ತಿರುಗಿದರು. "ಇವತ್ತು ಪದವಿ ಕೊಡೋಕಾಗಲ್ಲಪ್ಪ. ಘರ್ಷಣೆಯನ್ನ ಲೆಕ್ಕಕ್ಕೆ ತಗೊಂಡು ಇನ್ನೊಂದು ಅಧ್ಯಾಯ ಬರೀರಿ. ಆರು ತಿಂಗಳು ಆಗಬಹುದು. ಅಳತೆಗಳು ನಿಮ್ಮ ಹತ್ರ ಆಗಲೇ ಇವೆ."

ಕಾಲೇಜಿನ ಕೆಲಸ ಬೇರೆಯವರ ಪಾಲಾಯಿತು. ಉದ್ದಣ್ಣ ಎರಡು ದಿನ ಪ್ರಯೋಗಾಲಯಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಾಗ ಗೋಡೆಯ ಚೀಟಿಯಲ್ಲಿ ಒಂದು ಸಾಲು ಹೆಚ್ಚಾಗಿತ್ತು, ಅಕ್ಕನ ದುಂಡು ಅಕ್ಷರದಲ್ಲಿ: ಎಣ್ಣೆ ಹಾಕಿದ್ದನ್ನೂ ಬರೆಯಬೇಕು. ಅವನ ಹಣೆ ತಾಗುವ ಕಡೆ ಹಲಗೆಯ ಅಂಚಿಗೆ ಅಕ್ಕ ಒಂದು ತುಂಡು ರಬ್ಬರನ್ನೂ ಅಂಟಿಸಿದ್ದಳು.

ಆ ಆರು ತಿಂಗಳು ಅಕ್ಕ ಬೇರೆ ಬೇರೆ ಎಣ್ಣೆ, ಗ್ರೀಸುಗಳನ್ನು ಹಾಕಿ ಕೊಟ್ಟಳು. ಉದ್ದಣ್ಣ ಪ್ರತಿಯೊಂದಕ್ಕೂ ಕ್ರಮವನ್ನು ತಿದ್ದಿದ. ಕೊನೆಗೆ ಗೆಣ್ಣು ಎಷ್ಟು ಸಡಿಲವಿದೆ, ಎಷ್ಟು ಬಿಗಿಯಿದೆ ಎಂದು ಯಂತ್ರವೇ ಮೊದಲ ಕೆಲವು ತೂಗಾಟಗಳಲ್ಲಿ ಅಂದಾಜು ಮಾಡಿಕೊಂಡು, ಅದಕ್ಕೆ ತಕ್ಕಂತೆ ಎದ್ದು ನಿಲ್ಲುವ ಹಾಗಾಯಿತು. ಐವತ್ತನಾಲ್ಕಕ್ಕೂ ನಿಂತಿತು, ಹತ್ತೊಂಬತ್ತಕ್ಕೂ ನಿಂತಿತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅಪ್ಪ ಅಮ್ಮನ ನಂತರ ಅಕ್ಕನ ಹೆಸರು ಬಂತು. ಮೊದಲ ಪುಟದಲ್ಲಿ ನಗಣ್ಯ ಎಂಬ ಪದ ಇರಲಿಲ್ಲ.

ಪರೀಕ್ಷಕರು ಎರಡನೆಯ ಸಲ ಬರುವ ವಾರದ ಸೋಮವಾರ, ಉದ್ದಣ್ಣನೇ ಮುಂಗೈ ಎತ್ತಿ ಬಿಟ್ಟು ಎಣಿಸಿದ. ಅಕ್ಕ ಲೇತಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು.

"ಐವತ್ಮೂರು" ಎಂದ ಅವನು.

"ಐವತ್ನಾಲ್ಕು."

"ನೀವು ಈ ಕಡೆ ನೋಡ್ಲೇ ಇಲ್ಲ!"

"ಕಿವಿ ಇದೆಯಲ್ಲೋ."

"ಕೊನೇದು ತೂಗಿದ್ದಲ್ಲ ಅಕ್ಕ, ಬರೀ ನಡುಗಿದ್ದು."

"ನಡುಗಿದ್ರೂ ಅಲುಗಿತು ತಾನೆ?"

ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ಕೊನೆಗೆ ಉದ್ದಣ್ಣ ಪೆನ್ನು ತೆಗೆದು ಎರಡು ಅಂಕಿಗಳನ್ನೂ ಬರೆದ. ಒಂದರ ಮುಂದೆ ತನ್ನ ರುಜು ಹಾಕಿ, ಇನ್ನೊಂದಕ್ಕೆ ಅಕ್ಕನ ರುಜು ಹಾಕಿಸಿಕೊಳ್ಳಲು ನೋಟ್‌ಬುಕ್ಕನ್ನು ದಾರ ಬಂದಷ್ಟೂ ದೂರ ಲೇತಿನ ಕಡೆಗೆ ಚಾಚಿದ.