ನಮ್ಮ ರಾಗ ನಮಗೆ ಕೇಳುವುದಿಲ್ಲ

ಕಳೆದ ತಿಂಗಳು ಮಗಳ ಜೊತೆ ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿದ್ದೆ. ಎರ್ನಾಕುಳಂನಿಂದ ಬೋಟಿನಲ್ಲಿ ಹೋಗಿ ಇಳಿದು, ಮಸಾಲೆ ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದೆವು. ಒಂದು ಹಳೇ ಗೋದಾಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಣಶುಂಠಿಯ ಚೀಲಗಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತೆ. ತಿರುವನಂತಪುರದ ಬಾಡಿಗೆ ಮನೆ, ಅದರ ಕೆಳಗಿನ ಅಂತಸ್ತಿನ ಹಜಾರ, ಚಾಪೆಯ ಮೇಲೆ ಸಾಲಾಗಿ ಕೂತ ಮಕ್ಕಳು, ಒಬ್ಬೊಬ್ಬರ ಅಂಗೈಗೂ ಬೆಲ್ಲ ಬೆರೆಸಿದ ಶುಂಠಿ ಪುಡಿ ಇಡುತ್ತಿದ್ದ ಟೀಚರ್... ಎಲ್ಲ ಒಟ್ಟಿಗೆ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅವರನ್ನು ಸಿಟ್ಟಿಲ್ಲದೆ ನೆನೆಯುವುದು ನನಗೆ ಇನ್ನೂ ಸಾಧ್ಯವಾಗಿಲ್ಲ. ಸಿಟ್ಟು ಅವರ ಮೇಲಲ್ಲ.

ನನ್ನದು ತುಮಕೂರು. ಬ್ಯಾಂಕಿನ ಕೆಲಸ ನನ್ನನ್ನು ತಿರುವನಂತಪುರಕ್ಕೆ ತಂದು ಹಾಕಿತ್ತು. ಗಂಡನಿಗೆ ಅಲ್ಲೇ ಹತ್ತಿರದ ತುಂಬಾ ಎಂಬಲ್ಲಿ ಕೇಂದ್ರ ಸರ್ಕಾರದ ಕೆಲಸ. ಮಗಳು ಹುಟ್ಟಿದ್ದೂ ಅಲ್ಲೇ, ಮಾತು ಕಲಿತದ್ದೂ ಅಲ್ಲೇ. ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದ ಮಲಯಾಳಿ ಅಕ್ಕನ, ಅವಳ ಚೇಚಿಯ, ಜೊತೆ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್. ನಾವು ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಊರಿನಲ್ಲಿ ತಮ್ಮನ ಮನೆಯಲ್ಲಿದ್ದ ನನ್ನ ಅಮ್ಮನಿಗೆ ಕನ್ನಡ ಬಿಟ್ಟು ಇನ್ನೊಂದು ಬಾರದು. ಮೊಮ್ಮಗಳ ಧ್ವನಿ ಕೇಳಬೇಕೆಂದು ಅವರು ಫೋನ್ ಮಾಡುವುದು, ಇವಳು "ಹಾಂ" ಎಂದು ಫೋನನ್ನು ನನ್ನ ಕೈಗೆ ತುರುಕಿ ಓಡಿಹೋಗುವುದು. ಅಜ್ಜಿ ಮೊಮ್ಮಗಳ ಸಂಬಂಧ ಅಷ್ಟರಲ್ಲೇ ಇತ್ತು. ಅಮ್ಮ ಒಂದು ಸಲ, ಹುಡುಗಿಗೆ ನಾನೆಂದರೆ ಆಗಲ್ವೇನೇ ಎಂದು ಕೇಳಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ.

ಟೀಚರ್ ನಮ್ಮ ಕೆಳಗಿನ ಮನೆಗೆ ಬಂದದ್ದು ಆ ಕಾಲದಲ್ಲಿ. ಬಾಗಲಕೋಟೆಯ ಕಡೆಯವರು. ಗಂಡನದು ವರ್ಗವಾಗುವ ನೌಕರಿ. ಊರಿನಲ್ಲಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ್ದವರು, ಇಲ್ಲಿ ಸುಮ್ಮನೆ ಕೂರಲಾರದೆ ಚಡಪಡಿಸುತ್ತಿದ್ದರು. ನಮ್ಮ ಕನ್ನಡ ಕೂಟಕ್ಕೆ ಮಕ್ಕಳ ತರಗತಿ ನಡೆಸುವವರು ಬೇಕಾಗಿದ್ದರು. ಯಾರೂ ಮುಂದೆ ಬಂದಿರಲಿಲ್ಲ. ರಾಜ್ಯೋತ್ಸವಕ್ಕೆ ಶಾಲು ಹೊದ್ದು ವೇದಿಕೆ ಮೇಲೆ ಕೂರಲು ನೂಕುನುಗ್ಗಲು, ಭಾನುವಾರ ಬೆಳಿಗ್ಗೆ ಗಲಾಟೆ ಮಕ್ಕಳನ್ನು ಸುಧಾರಿಸಲು ಒಬ್ಬರೂ ಇಲ್ಲ. ನಾನು ಕೇಳಿದ್ದೇ ತಡ, ಅವರು ಒಪ್ಪಿಕೊಂಡರು.

ಅವರ ಪಾಠದ ರೀತಿಯೇ ಬೇರೆ. ಮೊದಲು ಬೆಲ್ಲ ಶುಂಠಿ. "ಗಂಟಲಾ ತೆರದ್ರ ಮಾತು ತಾನ ಬರತಾವ" ಎನ್ನುತ್ತಿದ್ದರು. ಘಾಟಿಗೆ ಮಕ್ಕಳು ಮುಖ ಕಿವುಚಿ ನಗುತ್ತಿದ್ದವು. ಆಮೇಲೆ ಕತೆ, ಸ್ವಲ್ಪ ಅಕ್ಷರ. ಕೊನೆಗೆ ಅವರೇ ಹುಟ್ಟುಹಾಕಿದ ಒಂದು ಪದ್ಧತಿ: ವಾರಕ್ಕೊಂದು ಮಗು ತನ್ನ ಊರಿಗೆ ಫೋನ್ ಹಚ್ಚಬೇಕು. ಅಜ್ಜಿಯೋ ತಾತನೋ ದೊಡ್ಡಮ್ಮನೋ, ಯಾರಾದರೂ ಸರಿ. ಸ್ಪೀಕರ್ ಹಾಕಿ ಎಲ್ಲರ ನಡುವೆ ಇಡಬೇಕು. ಮಾತು ತಡವರಿಸಿದರೆ ಉಳಿದ ಮಕ್ಕಳು ಹೇಳಿಕೊಡಬೇಕು. ಟೀಚರ್ ತಾವು ಬಾಯಿ ಬಿಡುತ್ತಿರಲಿಲ್ಲ, ಕೈಸನ್ನೆಯಲ್ಲೇ ಹುರಿದುಂಬಿಸುತ್ತಿದ್ದರು.

ನನ್ನ ಮಗಳ ಸರದಿ ಬಂದ ದಿನ ನಾನು ಬಾಗಿಲ ಹೊರಗೆ ನಿಂತಿದ್ದೆ. ಅವಳು ಫೋನ್ ಹಿಡಿದು, ಒಂದು ಉಸಿರು ಎಳೆದುಕೊಂಡು, "ಅಜ್ಜೀ, ಆರಾಮ ಅದೀರೇನ್ರೀ? ಊಟ ಆತೇನ್ರೀ?" ಎಂದಳು.  ಆ ಕಡೆ ಅಮ್ಮ ನಕ್ಕರು ನೋಡಿ... ನಗುತ್ತಲೇ ಅತ್ತರು. ಅವತ್ತಿನಿಂದ ಪ್ರತಿ ಭಾನುವಾರ ಅವಳದು ಅಜ್ಜಿಯ ಜೊತೆ ಹರಟೆ. ಅಮ್ಮ ಓಣಿಯೆಲ್ಲ ಹೇಳಿಕೊಂಡು ಬಂದರು. ಇದೇನು ನಮ್ಮ ಕಡೆ ಮಾತೇ ಅಲ್ವಲ್ಲಮ್ಮ ಎಂದು ನಾನು ತಮಾಷೆ ಮಾಡಿದಾಗ, "ಯಾವ ಕಡೆ ಮಾತಾದ್ರೂ ಆಡ್ಲಿ ಬಿಡೇ, ನನ್ನ ಹತ್ರ ಆಡ್ತಾಳಲ್ಲ" ಎಂದರು. ಓದಿಲ್ಲದ ನನ್ನ ಅಮ್ಮನಿಗೆ ಇದ್ದ ಬುದ್ಧಿ ಆ ಕೂಟದಲ್ಲಿ ಯಾರಿಗೂ ಇರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಆ ವರ್ಷದ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ಅತಿಥಿಯನ್ನು ಕರೆಸಿದ್ದರು. ಕೊನೆಯಲ್ಲಿ ವಂದನಾರ್ಪಣೆ ಮಾಡಿದ್ದು ಕೂಟದ ಅಧ್ಯಕ್ಷರ ಮಗ, ಟೀಚರ್ ತರಗತಿಯ ಹುಡುಗ. ಅಧ್ಯಕ್ಷರು ಮೈಸೂರಿನವರು, ದೊಡ್ಡ ಹುದ್ದೆಯಲ್ಲಿದ್ದವರು, ಕೇರಳಕ್ಕೆ ಬಂದು ಅವರ ಅರ್ಧ ಆಯುಷ್ಯ ಕಳೆದಿತ್ತು. ಹುಡುಗ ಎಲ್ಲ ಚೆನ್ನಾಗಿ ಹೇಳಿ, ಕೊನೆಗೆ ಚೀಟಿ ಬದಿಗಿಟ್ಟು, "ಎಲ್ಲಾರೂ ಉಂಡು ಹೋಗ್ರಿ, ಹಂಗ ಹೋಗಬ್ಯಾಡ್ರಿ" ಎಂದ. ಸಭೆ ಹೋ ಎಂದು ನಕ್ಕಿತು. ಅತಿಥಿ ಚಪ್ಪಾಳೆ ತಟ್ಟಿದರು. ನನಗಂತೂ ಆ ಹುಡುಗನನ್ನು ಎತ್ತಿ ಮುದ್ದಾಡಬೇಕೆನಿಸಿತು. ಅಲ್ಲಿಯವರೆಗೆ ಅವನು ತಂದೆಯ ಎದುರಿಗೂ ಕನ್ನಡದಲ್ಲಿ ನಾಲ್ಕು ಮಾತು ಆಡಿದವನಲ್ಲ. ತಂದೆಯ ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಾಗಿತ್ತು.

ಮುಂದಿನ ವಾರವೇ ಸಮಿತಿಯ ಸಭೆ. ನಾನೂ ಸದಸ್ಯೆ. ಟೀಚರನ್ನೂ ಕರೆಸಿದ್ದರು. ಅಧ್ಯಕ್ಷರು ನಯವಾಗಿ ಶುರುಮಾಡಿದರು. ಸೇವೆ ದೊಡ್ಡದು, ಯಾರೂ ಅಲ್ಲಗಳೆಯುವುದಿಲ್ಲ, ಆದರೆ ಮಕ್ಕಳ ನಾಲಗೆ ಮೇಲೆ ಒಂದು ಕಡೆಯ ಎಳೆತ ಕೂತುಬಿಟ್ಟರೆ ಹೋಗುವುದಿಲ್ಲ, ಕಲಿಸುವವರ ಕನ್ನಡದಲ್ಲಿ ರಾಗ ಇರಬಾರದು... ಹೀಗೆ. ಮಂಗಳೂರಿನ ಖಜಾಂಚಿ ತಲೆಯಾಡಿಸಿದರು. ಹಾಸನದ ಕಾರ್ಯದರ್ಶಿಯೂ ತಲೆಯಾಡಿಸಿದರು. ಮೂವರೂ ಮೂರು ರಾಗದವರು. ತಮ್ಮ ತಮ್ಮಲ್ಲಿ ಚಹಾ ಕುಡಿಯುವಾಗ ಒಬ್ಬರನ್ನೊಬ್ಬರು ಅಣಕಿಸುತ್ತಿದ್ದವರೇ. ಅವತ್ತು ಮಾತ್ರ ಮೂವರಿಗೂ ರಾಗ ಕೇಳಿದ್ದು ಆ ಹೆಂಗಸಿನ ಬಾಯಲ್ಲಷ್ಟೇ.

ನನ್ನ ಮೈ ಉರಿದುಹೋಯಿತು. ನಿಮ್ಮ ಮನೆಯ ಮಕ್ಕಳು ಇಷ್ಟು ವರ್ಷ ಯಾವ ಕನ್ನಡ ಆಡುತ್ತಿದ್ದವು ಸ್ವಾಮಿ, ಒಂದು ವಾಕ್ಯ ಹೇಳಿ ನೋಡೋಣ ಎಂದು ಬಾಯಿ ಜೋರು ಮಾಡಿದೆ. ಭಾವುಕರಾಗಬೇಡಿ ಎಂದರು ಅಧ್ಯಕ್ಷರು. ಹೆಂಗಸರು ಸಿಟ್ಟಿಗೆದ್ದರೆ ಇವರಿಗೆಲ್ಲ ಬಾಯಿಗೆ ಬರುವುದು ಅದೊಂದೇ ಮಾತು.

ಟೀಚರ್ ಅಲ್ಲಿಯವರೆಗೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೇಳುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ, "ರಾಗ ಇಲ್ಲದ ಮಾತು ಯಾರ ಬಾಯಾಗ ಐತ್ರೀ ಸರ?" ಎಂದರು.

"ನಮ್ಮಲ್ಲಿ ಇಲ್ಲಮ್ಮ. ನಾವು ಮಾತಾಡೋದು ಪುಸ್ತಕದಲ್ಲಿ ಇರೋ ಹಾಗೇನೇ" ಎಂದರು ಅಧ್ಯಕ್ಷರು.

"ನಮ್ಮ ಮನೀ ವಾಸನಿ ನಮಗ ಬರೂದಿಲ್ರೀ. ಹೊರಗಿಂದ ಬಂದವ್ರಿಗೆ ಬರತೈತಿ" ಎಂದು ಅವರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಹಿಂದೆ ಯಾರೂ ಹೋಗಲಿಲ್ಲ. ನಾನು ಅಲ್ಲೇ ನಿಂತು ಇನ್ನಷ್ಟು ಜಗಳವಾಡಿದೆ. ಕೈ ಎತ್ತಿಸಿದರು. ನನ್ನದೊಂದೇ ಕೈ ಟೀಚರ್ ಪರ. ಅಲ್ಲಿಗೆ ಅವರ ತರಗತಿ ಮುಗಿಯಿತು.

ಮುಂದೆ ನಡೆದದ್ದನ್ನು ಹೇಳಿದರೆ ನಗುತ್ತೀರಿ. ನನಗೆ ಇವತ್ತಿಗೂ ನಗು ಬರುವುದಿಲ್ಲ. ತರಗತಿಗೆ ಬೇರೆ ಯಾರೂ ಸಿಗಲಿಲ್ಲ. ಅಧ್ಯಕ್ಷರು ಹಾಗಾದರೆ ತಾವೇ ಪಾಠಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕಳಿಸುವುದಾಗಿ ಹೇಳಿದರು. ಕಳಿಸಿದರು. ಹೆಮ್ಮೆಯಿಂದ ಬೆಂಗಳೂರಿನ ನೆಂಟರ ಗುಂಪಿಗೂ ಹಾಕಿದರು, ಹೆಸರು ಹಾಕದೆ, ಕೇರಳದಲ್ಲಿ ನಮ್ಮ ಕನ್ನಡದ ಕೆಲಸ ಎಂದಷ್ಟೇ ಬರೆದು. ಅವರ ಧ್ವನಿಯ ಗುರುತು ಅಷ್ಟಾಗಿ ಇಲ್ಲದ ಸೋದರ ಸೊಸೆಯೊಬ್ಬಳು ಕೇಳಿ, ಯಾರೋ ಮಲಯಾಳಿ ಇರಬೇಕು, ಪಾಪ ಎಷ್ಟು ಶ್ರದ್ಧೆಯಿಂದ ಕನ್ನಡ ಕಲಿತಿದ್ದಾರೆ, ಅವರಿಗೆ ಸನ್ಮಾನ ಮಾಡಬೇಕು ಮಾವ ಎಂದು ಬರೆದಳಂತೆ! ಇದನ್ನು ನನಗೆ ಹೇಳಿದ್ದು ಅಧ್ಯಕ್ಷರ ಹೆಂಡತಿ, ಬಸ್ ಸ್ಟಾಪಿನಲ್ಲಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ.

ನಿಜ ಹೇಳಬೇಕೆಂದರೆ ಅದರಲ್ಲಿ ಅವಮಾನದ ವಿಷಯವೇ ಇಲ್ಲ. ದಿನವಿಡೀ ಮಲಯಾಳ ಕಿವಿಗೆ ಬೀಳುವ ಊರಿನಲ್ಲಿ ಅಷ್ಟು ವರ್ಷ ಬದುಕಿದವರ ಮಾತು ಏರಿಳಿಯದೆ ಇರುತ್ತದೆಯೇ? ನನ್ನ ತಮ್ಮನೂ ಒಮ್ಮೆ, ಅಕ್ಕ ನೀನೇನು ಮಾತಾಡ್ತೀಯೋ ಹಾಡ್ತೀಯೋ ಎಂದು ಕೇಳಿದ್ದ. ನಾನು ಅವನಿಗೆ ಚೆನ್ನಾಗಿ ಬೈದು ಫೋನ್ ಇಟ್ಟಿದ್ದೆ. ನನ್ನ ಕಿವಿಗೆ ನಾನು ತುಮಕೂರಿನವಳೇ. ದಿನಕ್ಕೊಂದು ಚೂರು ಬದಲಾದರೆ ಯಾರಿಗೆ ಗೊತ್ತಾಗುತ್ತದೆ? ಜೊತೆಗಿರುವವರೂ ನಮ್ಮ ಹಾಗೆಯೇ ಬದಲಾಗುತ್ತಿರುತ್ತಾರೆ, ಯಾರೂ ಎತ್ತಿ ಹೇಳುವುದಿಲ್ಲ. ಆ ಮನುಷ್ಯನಿಗಾದರೋ ಸೊಸೆ ಎತ್ತಿ ಹೇಳಿದಳು. ಅವರು ಏನು ಮಾಡಿದರು ಗೊತ್ತೇ? ಫೋನಿನ ಮೈಕು ಸರಿಯಿಲ್ಲ ಎಂದು ಹೊಸ ಮೈಕು ತರಿಸಿದರು.

ನಾನು ನೆಟ್ಟಗೆ ಅವರ ಮನೆಗೇ ಹೋದೆ. ಈಗಲಾದರೂ ಟೀಚರನ್ನು ಕರೆಯಿರಿ, ಒಂದು ಮಾತು ತಪ್ಪಾಯಿತು ಎನ್ನಿ, ಅವರು ದೊಡ್ಡ ಮನಸ್ಸಿನವರು, ಬರುತ್ತಾರೆ ಎಂದೆ. "ಆದದ್ದು ಆಯ್ತು, ಬಿಡಿ ಮೇಡಂ. ಕಾಫಿ ತಗೊಳ್ಳಿ" ಎಂದರು. ಕಾಫಿ ಮುಟ್ಟದೆ ಎದ್ದು ಬಂದೆ. ಬರುವಾಗ ಒಳಗಿನ ಕೋಣೆಯಲ್ಲಿ ಅವರ ಮಗ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಅಪ್ಪಟ ಮಲಯಾಳ.

ಅಧ್ಯಕ್ಷರ ಧ್ವನಿಯ ಪಾಠಗಳನ್ನು ಯಾವ ಮಗುವೂ ಕೇಳಲಿಲ್ಲ. ಟೀಚರ್ ಮನೆಯಲ್ಲೇ ನನ್ನ ಮಗಳಿಗೆ ಹೇಳಿಕೊಡಲು ನೋಡಿದರು. ಆದರೆ ಬೇರೆ ಮಕ್ಕಳಿಲ್ಲದೆ ಅವಳಿಗೆ ರುಚಿಸಲಿಲ್ಲ. ಗುಂಪಿನಲ್ಲಿ ಆಟವಾಗಿದ್ದದ್ದು ಒಬ್ಬಳೇ ಕೂತಾಗ ಶಿಕ್ಷೆಯಾಯಿತು. ಅಷ್ಟೇ ಅಲ್ಲ, ಶಾಲಾ ಬಸ್ಸಿನಲ್ಲಿ ಖಜಾಂಚಿಯ ಮಗಳು, ನೀನು ಮಾತಾಡೋದು ಸರಿಯಾದ ಕನ್ನಡ ಅಲ್ಲವಂತೆ, ನಮ್ಮಪ್ಪ ಹೇಳಿದರು ಎಂದುಬಿಟ್ಟಿದ್ದಳು. ಅಲ್ಲಿಗೆ ನನ್ನ ಮಗಳ ಬಾಯಿ ಕಟ್ಟಿಹೋಯಿತು. ಭಾನುವಾರ ಅಮ್ಮ ಫೋನ್ ಮಾಡಿದರೆ ಮತ್ತೆ ಅದೇ "ಹಾಂ", ಮತ್ತೆ ಫೋನ್ ನನ್ನ ಕೈಗೆ. ಏನಾಯ್ತೇ ಅವಳಿಗೆ, ಊಟ ಆತೇನ್ರೀ ಅನ್ನು ಅಂತ ಹೇಳೇ ಎಂದು ಅಮ್ಮ ಗೋಗರೆದರು. ಎಷ್ಟು ಹೇಳಿದರೂ ಅವಳು ಹೇಳಲಿಲ್ಲ. ಮರುವರ್ಷ ಅಮ್ಮ ತೀರಿಕೊಂಡರು. ಮೊಮ್ಮಗಳ ಆ ಮಾತು ಅವರ ಕಿವಿಗೆ ಮತ್ತೆ ಬೀಳಲೇ ಇಲ್ಲ.

ಯಾರಿಗೆ ಬೈಯಲಿ ನಾನು? ಅವರು ಯಾರೂ ಕೆಟ್ಟವರಲ್ಲ. ಅಮ್ಮ ಹೋದಾಗ, ನಾನು ಊರಿನಿಂದ ವಾಪಸಾದ ಮೇಲೆ, ಎಲ್ಲರೂ ಮನೆಗೆ ಬಂದು ಸಮಾಧಾನ ಹೇಳಿದರು, ಅಧ್ಯಕ್ಷರೂ ಬಂದಿದ್ದರು. ನೀವು ಕಸಿದುಕೊಂಡದ್ದು ಏನು ಗೊತ್ತೇ ಎಂದು ಕೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಸಾವಿನ ಸಮಯದಲ್ಲಿ ಬೇಡವೆಂದು ನುಂಗಿಕೊಂಡೆ. ಅದು ಇನ್ನೂ ಗಂಟಲಲ್ಲೇ ಇದೆ.

ಟೀಚರ್ ಗಂಡನಿಗೆ ವರ್ಗವಾಗಿ ಹೊರಟ ದಿನ ಸಾಮಾನಿನ ಲಾರಿ ಮುಂದೆ ಹೋಗಿತ್ತು. ಅವರು ಮೆಟ್ಟಿಲು ಹತ್ತಿ ಬಂದು ಶುಂಠಿ ಬೆಲ್ಲದ ಡಬ್ಬಿಯನ್ನು ಮಗಳ ಕೈಗೆ ಕೊಟ್ಟರು. "ಮಾತು ಬಿಡಬ್ಯಾಡವಾ ತಂಗಿ" ಎಂದರು. ಅವಳು ತಲೆ ಬಗ್ಗಿಸಿ ನಿಂತಿದ್ದಳು. ನನಗೆ, ಬರ್ತೀನ್ರೀ ಅಕ್ಕಾರ, ಸಿಟ್ಟು ಭಾಳ ಮಾಡ್ಕೋಬ್ಯಾಡ್ರಿ ಎಂದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆವು... ಆಮೇಲೆ ನಾವು ಕೊಚ್ಚಿಗೆ ಬಂದೆವು, ಅದರ ಹತ್ತಿರದ ಆಲುವದಲ್ಲಿ ಮನೆ ಮಾಡಿದೆವು, ಫೋನೂ ಅಪರೂಪವಾಯಿತು. ಹೋದ ವರ್ಷ ಅವರ ಗಂಡನೇ ಫೋನ್ ಮಾಡಿ ಟೀಚರ್ ಹೋಗಿಬಿಟ್ಟರೆಂದು ತಿಳಿಸಿದರು. ಕೊನೆಯ ದಿನಗಳಲ್ಲೂ ತಿರುವನಂತಪುರದ ಮಕ್ಕಳನ್ನು ನೆನೆಯುತ್ತಿದ್ದರಂತೆ.

ಇಷ್ಟೆಲ್ಲ ಮಟ್ಟಾಂಚೇರಿಯ ಆ ಬಾಗಿಲಲ್ಲಿ ನಿಂತಾಗ ಒತ್ತರಿಸಿ ಬಂತು. ಕಣ್ಣಲ್ಲಿ ನೀರು ಬಂದದ್ದು ಶುಂಠಿಯ ಘಾಟಿಗೆ ಎಂದುಕೊಂಡು ಸೆರಗಿನಿಂದ ಒರೆಸಿಕೊಂಡೆ. ಮುಂದೆ ಹೋಗಿದ್ದ ಮಗಳು ಹಿಂತಿರುಗಿ ನೋಡಿದಳು. ಈಗ ಕಾಲೇಜಿನಲ್ಲಿ ಓದುವ ಹುಡುಗಿ. ಮನೆಯಲ್ಲಿ ಅವಳ ಬಾಯಿಂದ ಕನ್ನಡ ಕೇಳಿ ವರ್ಷಗಳೇ ಆಗಿದ್ದವು. ಗಾಬರಿಯಿಂದ ಓಡಿಬಂದು ನನ್ನ ತೋಳು ಹಿಡಿದಳು.

"ಯಾಕಮ್ಮಾ, ಏನಾತು? ಅಳಾಕ ಹತ್ತೀಯೇನು?"

 ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಾನಲ್ಲ, ಅವಳ ಅಪ್ಪನಲ್ಲ. ಆ ಎಳೆತ, ಆ ಏರಿಳಿತ, ಎಲ್ಲವೂ ಕೆಳಗಿನ ಮನೆಯ ಹಜಾರದ್ದು. ಕೂಟದವರು ಬೇಡವೆಂದು ಕೈ ಎತ್ತಿದ್ದು ಇವಳೊಳಗೆ ಹಾಗೇ ಕೂತಿತ್ತು, ಇವಳಲ್ಲಿ ಉಳಿದ ಕನ್ನಡವೆಲ್ಲ ಅದೇ.

ಈಗ ಹೇಗೆ ಹೇಳಿದೆ, ಯಾರ ಹಾಗೆ ಹೇಳಿದೆ ಗೊತ್ತಾಯಿತಾ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ಯಾರ ಹಾಗೂ ಇಲ್ಲವಲ್ಲ, ಮಾಮೂಲಿ ಕನ್ನಡ ತಾನೇ ಎಂದಳು. ಹಾಗೆಂದದ್ದು ಮಲಯಾಳದಲ್ಲಿ.

ಫೋನ್ ನನ್ನ ಕೈಯಲ್ಲೇ ಇತ್ತು. ಇದನ್ನು ಕೇಳಿಸಬೇಕಾಗಿದ್ದವರು ಇಬ್ಬರು, ಇಬ್ಬರೂ ಇರಲಿಲ್ಲ. ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಸಲ ಮಾತಾಡು ಮಗಳೇ, ಏನಾದರೂ ಮಾತಾಡು ಎಂದೆ.

ಏನು ಮಾತಾಡಲಿ ಎಂದು ಅವಳು ಮಲಯಾಳದಲ್ಲೇ ಕೇಳಿದಳು.