ಐಸ್ ಫ್ಯಾಕ್ಟರಿಯ ಸಿದ್ದಮಲ್ಲಪ್ಪ

ಪಿಯುಸಿಯಲ್ಲಿ ಕೆಮಿಸ್ಟ್ರಿ ನನ್ನನ್ನು ಕೈಬಿಟ್ಟಿತೋ, ನಾನೇ ಅದನ್ನು ಬಿಟ್ಟೆನೋ, ನಮ್ಮಪ್ಪನಿಗೆ ಎರಡೂ ಒಂದೇ ಆಗಿತ್ತು. ಹಾಗಾಗಿ ತೊಂಬತ್ತೇಳರಲ್ಲಿ ನಾನು ನಂಜನಗೂಡಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಹೊರುತ್ತಿದ್ದೆ. ಓದಿದವನೆಂಬ ಜಂಬ ಮಾತ್ರ ಇಳಿದಿರಲಿಲ್ಲ.

ಅಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದವರು ಹುಲ್ಲಹಳ್ಳಿಯ ಸಿದ್ದಮಲ್ಲಪ್ಪ. ಹಣೆ ತುಂಬ ವಿಭೂತಿ, ಎತ್ತಿ ಕಟ್ಟಿದ ಪಂಚೆ, ಉಪ್ಪುನೀರಿಗೆ ಬಿರಿದ ಕೈ. ತಗಡಿನ ಡಬ್ಬಗಳಿಗೆ ನೀರು ತುಂಬಿ ಕೊರೆಯುವ ಉಪ್ಪುನೀರಿನ ತೊಟ್ಟಿಗೆ ಇಳಿಸುವುದು, ಗಟ್ಟಿಯಾದ ಮೇಲೆ ಎತ್ತುವುದು. ವಯಸ್ಸೆಲ್ಲ ಅದರಲ್ಲೇ ಕಳೆದಿತ್ತು.

ಒಂದು ದಿನ ನನ್ನ ವಿದ್ಯೆ ತೋರಿಸಿದೆ. "ಮಲ್ಲಪ್ಪಣ್ಣ, ನೀರು ಐಸಾಗೋದು ಫಿಸಿಕಲ್ ಚೇಂಜು. ಕರಗುದ್ರೆ ಅದೇ ನೀರು, ಆವಿಯಾದ್ರೂ ಅದೇ ನೀರು. ಆಲು ಮೊಸ್ರಾಗೋದು ಕೆಮಿಕಲ್ಲು. ಬೇರೆ ಪದಾರ್ಥನೇ ಆಗೋಯ್ತದೆ, ವಾಪಸ್ ಬರಾಕಿಲ್ಲ."

"ಇಷ್ಟ್ ಗೊತ್ತಿದ್ದೂ ಫೇಲಾದ್ಯಲ್ಲಲಾ," ಎಂದರು.

ಅಂದಿನಿಂದ ಜನರನ್ನೆಲ್ಲ ಅವರು ಹಾಗೇ ವಿಂಗಡಿಸತೊಡಗಿದರು. ಕುಡಿದು ಬೀಳುವ ಲೋಡರ್ ರಾಮಯ್ಯ ಫಿಸಿಕಲ್ಲು, "ವತ್ತಾರೆಗೆ ಸರಿಯಾಯ್ತಾನೆ ಕಣ್ಲಾ." ಮದುವೆಯಾದವರು ಕೆಮಿಕಲ್ಲು. ನಾನೋ? "ನೀನು ಐಸೂ ಅಲ್ಲ, ನೀರೂ ಅಲ್ಲ. ಬರೀ ಆವಿ."

ಆ ಏಪ್ರಿಲ್‌ನಲ್ಲಿ ಅವರ ಹೆಂಡತಿ ಸರ್ವಮಂಗಳಾ ಕೊಟ್ಟಿಗೆಯಲ್ಲಿ ಕುಸಿದು ತೀರಿಕೊಂಡರು. ಒಬ್ಬಳೇ ಮಗಳು ಶ್ವೇತ ಗಂಡನ ಮಿಲ್ಲಿನ ಕೆಲಸದಿಂದಾಗಿ ಸೂರತ್‌ನಲ್ಲಿದ್ದಳು. ಪಕ್ಕದ ಮನೆಯ ಫೋನಿನಲ್ಲಿ ಅವಳು ಕೇಳಿದ್ದು ಒಂದೇ: "ಅಪ್ಪಾಜಿ, ಅವ್ವನ ಮುಖ ನೋಡ್ಬೇಕು. ನಾನ್ ಬರಗಂಟ ಮಣ್ ಮಾಡ್ಬೇಡಿ."

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಕೂತಂತೆಯೇ ಮಣ್ಣಿಗಿಡುತ್ತಾರೆ. ಹಾಗೆ ಕೂರಿಸಿದ ಹೆಂಡತಿಯ ಸುತ್ತ ಸಿದ್ದಮಲ್ಲಪ್ಪ ಐಸಿನ ಗಡ್ಡೆಗಳನ್ನು ಜೋಡಿಸಿ, ಮರದ ಹೊಟ್ಟು ತುಂಬಿ, ಗೋಣಿಚೀಲ ಹೊದಿಸಿದರು. ಕರಗಿದಂತೆಲ್ಲ ನಾನು ಗೂಡ್ಸ್ ಆಟೋದಲ್ಲಿ ಹೊಸ ಗಡ್ಡೆ ತಂದೆ. ನೀರು ಹೊಸಿಲು ದಾಟಿ ಅಂಗಳಕ್ಕೆ ಹರಿಯುತ್ತಿತ್ತು.

"ಇಂಗೆ ದಿನಗಟ್ಲೆ ಕೂರುಸ್ಬಾರ್ದು ಕಣಪ್ಪ, ಇವತ್ತೇ ಮುಗಿಸ್ಬುಡು," ಎಂದು ಅವರಣ್ಣ ಶಿವಸ್ವಾಮಿ ಹೇಳಿದರು.

"ಐಸ್ ಮಾಡೋನು ನಾನು. ಸುಮ್ಕಿರಣ್ಣ."

ಮೂರನೆಯ ದಿನ ಮಗಳು ಯಾವುದೋ ಸ್ಟೇಷನ್ನಿನಿಂದ ಫೋನ್ ಮಾಡಿ ರೈಲು ತಡ ಎಂದಳು. ಸಿದ್ದಮಲ್ಲಪ್ಪ ಒಳಗೆ ಹೋಗಿ ಹೆಂಡತಿಯ ಮುಖದ ಬಟ್ಟೆ ಸರಿಸಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ನನಗೂ ಕಂಡಿತು. ಕೆನ್ನೆ ಊದಿ ಬಣ್ಣ ತಿರುಗಿತ್ತು.

"ತಣ್ಣಗಿಟ್ರೆ ನಿಂತ್ಕತದೆ ಅಂದ್ಕಂಡಿದ್ದೆ," ಎಂದರು. "ಇದು ಯಾವುದ್ಲಾ ನಿಂಗರಾಜ?"

ನನಗೆ ಉತ್ತರ ಗೊತ್ತಿತ್ತು. ಪರೀಕ್ಷೆಯಲ್ಲಿ ಬಿಟ್ಟಂತೆ ಇಲ್ಲೂ ಖಾಲಿ ಬಿಟ್ಟೆ.

ಅವರು ಬಟ್ಟೆ ಮುಚ್ಚಿ ಹೊರಗೆ ಬಂದು ಅಣ್ಣನಿಗೆ, "ಎತ್ರಣ್ಣ. ಈ ಮುಖ ಮಗ್ಳು ನೋಡದ್ ಬ್ಯಾಡ," ಎಂದರು. ಹೊತ್ತು ಮುಳುಗುವ ಮೊದಲೇ ಹೊಲದ ಬದಿಯಲ್ಲಿ ಮಣ್ಣು ಮುಚ್ಚಿ ಬಂದೆವು.

ದೀಪ ಹಚ್ಚುವ ಹೊತ್ತಿಗೆ ಶ್ವೇತ ಬಂದಳು. ಒಳಗೆ ಹೋದವಳು ಖಾಲಿ ಗೋಡೆ ನೋಡಿ ಹಾಗೇ ಹೊರಗೆ ಬಂದಳು. ಅಂಗಳದ ಮೂಲೆಯಲ್ಲಿ ಗೋಣಿಚೀಲದಡಿ, ಮಧ್ಯಾಹ್ನ ನಾನು ತಂದಿದ್ದ ಗಡ್ಡೆಗಳು ಇನ್ನೂ ಅರ್ಧಕ್ಕೂ ಕರಗಿರಲಿಲ್ಲ.

"ಐಸ್ ಇನ್ನೂ ಐತಲ್ಲ ಅಪ್ಪಾಜಿ. ಒಸಿ ಕಾಯಬಾರ್ದಾಗಿತ್ತಾ?"

ಸಿದ್ದಮಲ್ಲಪ್ಪ ಜಗುಲಿಯಿಂದ ಏಳಲಿಲ್ಲ. "ಐಸಿತ್ತು ಕಣವ್ವ. ನಿಮ್ಮವ್ವ ಇರ್ನಿಲ್ಲ."

ಅವಳು ಗೋಣಿಚೀಲ ಎಳೆದು ಹಾಕಿ, ಗಡ್ಡೆಯ ಪಕ್ಕ ಕೂತು, ಅದಕ್ಕೆ ಕೆನ್ನೆ ಒತ್ತಿದಳು. ಯಾರು ಕರೆದರೂ ಏಳಲಿಲ್ಲ. ಕೊನೆಗೆ ಸಿದ್ದಮಲ್ಲಪ್ಪನವರೇ ಬಂದು ಮಗಳ ಪಕ್ಕ ಕೂತರು.